ಏಳನೇ ಟೇಕು

ಹದಿಮೂರರಿಂದ ಹದಿನಾರರ ತನಕ ಐದು ಸಿನಿಮಾ ಮಾಡಿದೆ.
ಎಲ್ಲದರಲ್ಲೂ ಒಬ್ಬ ಸಾಯುತ್ತಾನೆ.
ಎರಡರಲ್ಲಿ ಅದಕ್ಕೆ ಕಾರಣವೂ ಇದೆ.

ಗ್ಯುಮ್ರಿಯ ಚಳಿಗೆ ಬ್ಯಾಟರಿ
ಹತ್ತೇ ನಿಮಿಷಕ್ಕೆ ಕಣ್ಣು ಮುಚ್ಚುತ್ತಿತ್ತು;
ಮೊಟ್ಟೆಗೆ ಕೂತ ಕೋಳಿಯ ಹಾಗೆ
ಕಂಕುಳಲ್ಲಿಟ್ಟು ಕಾವು ಕೊಡುತ್ತಿದ್ದೆ.
ಕ್ಯಾಮೆರಾ ವಾಝ್ಗೆನ್ ಚಿಕ್ಕಪ್ಪನದು,
ಮದುವೆಮನೆಗಳಿಗೆ ಹೋಗಿ ಹೋಗಿ
ಲೆನ್ಸಿನ ಅಂಚಿಗೆ ಯಾರದೋ ಕೇಕಿನ ಜಿಡ್ಡು.
ಟೇಪು ಒಂದೇ.
ಬೇಡವಾದದ್ದರ ಮೇಲೆ ಬೇಕಾದದ್ದು.

ನಿನ್ನೆ ರಾತ್ರಿ ಹಾರ್ಡ್ ಡಿಸ್ಕು ಕೆಮ್ಮುತ್ತಾ ಎದ್ದಿತು.

ಮೊದಲನೆಯದರಲ್ಲಿ ಎದುರುಮನೆಯ ಹ್ರಾಚಿಕ್,
ಅಪ್ಪನ ಮಿಲಿಟರಿ ಕೋಟು ನೆಲ ಗುಡಿಸುತ್ತಾ ಬಂದು,
ಎದೆಗೆ ಬೀಟ್‌ರೂಟ್ ರಸ ಬಳಿದುಕೊಂಡು,
ನನ್ನನ್ನೇ ನೋಡಿ ಕೇಳುತ್ತಾನೆ:
"ಈಗ ಸಾಯಲಾ?"
ಅದು ಸಿನಿಮಾದಲ್ಲಿ ಹಾಗೇ ಉಳಿದಿದೆ.
ಎರಡನೆಯದರಲ್ಲಿ ಜಾರುಬಂಡಿಯ ಮೇಲೆ ಕ್ಯಾಮೆರಾ:
ನಲವತ್ತು ಸೆಕೆಂಡು ಬರೀ ಹಿಮ,
ಹಿಮದೊಳಗಿಂದ ಶುಶಾನಳ ಬೈಗುಳ.
ಮೂರನೇ ವರ್ಷ ಝೂಮ್ ಗುಂಡಿ ಕಂಡುಹಿಡಿದೆ,
ಮಂಗನ ಕೈಗೆ ಮಾಣಿಕ್ಯ.
ನಾಲ್ಕನೆಯದರ ಮಾತು ಬೇಡ.
ಅದರಲ್ಲಿ ನಾನೇ ನಟಿಸಿದ್ದೇನೆ.

ಐದನೆಯದಕ್ಕೆ ಶವ ಬೇಕಿತ್ತು.
ಹ್ರಾಚಿಕ್‌ಗೆ ಆಗಲೇ ಮೀಸೆ ಚಿಗುರಿ ನಾಚಿಕೆ ಬಂದಿತ್ತು.
ಮುಕುಚ್ ಅಜ್ಜ ಕ್ಷೌರದಂಗಡಿ ಮುಚ್ಚಿ ಬಂದ.
ನಲವತ್ತು ವರ್ಷ ಊರಿನ ಗಂಡಸರ ಗಲ್ಲ ತಟ್ಟಿದವನು
ಕನ್ನಡಕ ಮಡಚಿ ಜೇಬಿಗಿಟ್ಟು
ಅಂಗಳದ ಹಿಮದ ಮೇಲೆ ಅಂಗಾತ ಮಲಗಿದ.
ಅಜ್ಜಿ ಕಿಟಕಿಯಿಂದ ಕೂಗಿದಳು:
"ಬದುಕಿರೋನನ್ನ ಮಲಗಿಸಿ ಶಕುನ ಕೆಡಿಸಬೇಡವೇ!"
ಆಮೇಲೆ ಅವಳೇ ತಂದು ಅವನ ಬೆನ್ನಿಗೆ ಜಮಖಾನೆ ಹಾಸಿದಳು.

ಬೆಳಕು ಚೆನ್ನಾಗಿತ್ತು. ಕರಿಕಲ್ಲಿನ ಗೋಡೆ, ಬಿಳಿ ನೆಲ, ಶವ,
ಶವದ ಮೂಗಿನಿಂದ ಹಬೆ.

"ಸತ್ತವರು ಉಸಿರಾಡೋದಿಲ್ಲ ಅಜ್ಜ!"
"ಹೊಸಬ ನಾನು," ಅಂದ, "ಅಭ್ಯಾಸ ಇಲ್ಲ."

ಒಂದು ಟೇಕಿನಲ್ಲಿ ನಕ್ಕ.
ಒಂದರಲ್ಲಿ ಪಕ್ಕದ ನಾಯಿ ಬಂದು ಕಿವಿ ನೆಕ್ಕಿತು.
ಒಂದರಲ್ಲಿ, ಸತ್ತಲ್ಲಿಂದಲೇ, ಸಿಗರೇಟು ಕೇಳಿದ.
ಆರನೆಯದು ಎಲ್ಲ ಸರಿ,
ಒಲೆಯಿಂದ ಇಳಿಸಿದ ಕೆಟಲಿನ ಹಾಗೆ
ಎಳೆಯಷ್ಟೇ ಎಳೆ ಹಬೆ; ಯಾರಿಗೂ ಕಾಣುತ್ತಿರಲಿಲ್ಲ.
ನನಗೆ ಕಂಡಿತು.
ಕುಣಿಯಲಾರದವಳು ನೆಲ ಡೊಂಕೆಂದಳಲ್ಲ,
ನಾನು ಅಂದೆ: ಉಸಿರು ಡೊಂಕು.
ಹಿಂದಕ್ಕೆ ಸುತ್ತಿದೆ. ಅದರ ಮೇಲೇ ತೆಗೆದೆ.

ಏಳನೆಯದಕ್ಕೆ ಅಜ್ಜ ಉಸಿರು ಕಟ್ಟಿದ.
ಹತ್ತು. ಹದಿನೈದು. ಹತ್ತೊಂಬತ್ತು.
ಎದೆಯ ಮೇಲಿನ ಗುಂಡಿ ಕೂಡ ಅಲುಗಲಿಲ್ಲ.
ಖುಷಿಗೆ ನನ್ನ ಕಾಲು ಹಿಮದಲ್ಲಿ ತಾಳ ಹಾಕಿತು:
ಕೊನೆಗೂ ಒಬ್ಬನನ್ನು ಸರಿಯಾಗಿ ಸಾಯಿಸಿದೆ!

ಅವನು ನಿಜಕ್ಕೂ ಮಲಗಿದ್ದು ಮೂರು ವರ್ಷದ ಮೇಲೆ, ಜುಲೈನಲ್ಲಿ,
ಹಬೆ ಬಂದರೂ ಬಾರದಿದ್ದರೂ
ಗೊತ್ತಾಗದ ಬಿಸಿಲಿನಲ್ಲಿ.
ಎಲ್ಲರೂ ಅವನ ತುಟಿಯನ್ನೇ ನೋಡುತ್ತಿದ್ದರು.
ನಾನು ಲೆಕ್ಕ ಮಾಡುತ್ತಿದ್ದೆ. ಹತ್ತೊಂಬತ್ತು ದಾಟಿತು.

ಉಸಿರಿದ್ದ ಆರೂ ಟೇಕುಗಳು
ಉಸಿರಿಲ್ಲದ ಈ ಒಂದರ ಅಡಿಯಲ್ಲಿವೆ.
ಟೇಪನ್ನು ಎಷ್ಟು ಉಜ್ಜಿದರೂ ಬರುವುದಿಲ್ಲ,
ವಾಝ್ಗೆನ್ ಚಿಕ್ಕಪ್ಪನನ್ನು ಕೇಳಿದ್ದೇನೆ, ಎರಡು ಸಲ.

ಆದರೆ ಉಣ್ಣೆಯ ಕೈಗವಸಿನ ದಪ್ಪ ಬೆರಳು
ಗುಂಡಿ ಹುಡುಕುವುದರಲ್ಲಿ ತಡವಾಗಿ,
"ಕಟ್" ಎಂದ ಮೇಲೂ ಓಡಿದೆ ಹನ್ನೊಂದು ಫ್ರೇಮು.
ಕತ್ತರಿಸುವುದು ಮರೆತಿದ್ದೆ, ಅಷ್ಟು ಸೋಮಾರಿ.
ನಿನ್ನೆ ಒಂದೊಂದಾಗಿ ಸರಿಸಿದೆ.
ಎಂಟರ ತನಕ ಏನೂ ಇಲ್ಲ.
ಒಂಬತ್ತರಲ್ಲಿ ತುಟಿ ಬಿಡುತ್ತದೆ.
ಹತ್ತರಲ್ಲಿ ಹತ್ತಿಯಷ್ಟು ಬಿಳಿ.
ಹನ್ನೊಂದರಲ್ಲಿ ಮುಖವೇ ಕಾಣದಷ್ಟು ಹಬೆ,

ಕೂಡಲೇ ಕತ್ತಲು, ಹಸಿರು ಅಕ್ಷರ:
ಕಥೆ ನ್ವಾರ್ದ್, ಕ್ಯಾಮೆರಾ ನ್ವಾರ್ದ್, ನಿರ್ದೇಶನ ನ್ವಾರ್ದ್.
ಕೊನೆಗೆ, ಚಿಕ್ಕದಾಗಿ, ಶವ: ಮುಕುಚ್ ಅಜ್ಜ.
ಅದೂ ಕಾಗುಣಿತ ತಪ್ಪಿ.